ಬೈಪಾಸ್ ಬಂತು, ಹಳೆ ರಸ್ತೆ ಯಾರದ್ದು?

ಈಚೆಗೆ ಒಂದು ದಿನ ಬೈಕಿನಲ್ಲಿ ಮೈಸೂರಿಗೆ ಹೊರಟಿದ್ದೆ. ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕಿನವರು ಹತ್ತುವಂತಿಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಅಲ್ಲಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ನಮಗೆ ಸರ್ವಿಸ್ ರಸ್ತೆ, ಊರು ಬಂದಲ್ಲಿ ಹಳೆ ರಸ್ತೆ. ಚನ್ನಪಟ್ಟಣದ ಹತ್ತಿರ ಟೀ ಕುಡಿಯಲು ನಿಂತೆ. ಅಂಗಡಿಯ ಪಕ್ಕ ಒಂದು ಕಿಲೋಮೀಟರ್ ಕಲ್ಲು. ತಲೆಗೆ ಹಳದಿ ಬಣ್ಣ, ಅಂದರೆ ರಾಷ್ಟ್ರೀಯ ಹೆದ್ದಾರಿ. ಹಳದಿ ಚಕ್ಕೆ ಎದ್ದ ಕಡೆ ಒಳಗಿನಿಂದ ಹಸಿರು ಇಣುಕುತ್ತಿತ್ತು. ಹಸಿರು ಅಂದರೆ ರಾಜ್ಯ ಹೆದ್ದಾರಿ. ಈ ರಸ್ತೆ ಮೊದಲು ರಾಜ್ಯ ಹೆದ್ದಾರಿ 17 ಆಗಿತ್ತು, ಆಮೇಲೆ ರಾಷ್ಟ್ರೀಯ ಹೆದ್ದಾರಿ 275 ಆಯಿತು. ಆ ಚರಿತ್ರೆಯೆಲ್ಲ ಕಲ್ಲಿನ ಮೇಲೆ ಎರಡು ಪದರ ಬಣ್ಣವಾಗಿ ಕೂತಿದೆ.

ಈಗ 275 ಊರಾಚೆ ಹೋಗಿದೆ. ಕಲ್ಲು ಇಲ್ಲೇ ಉಳಿದಿದೆ. ಇದಕ್ಕೆ ಮುಂದಿನ ಸಲ ಯಾವ ಬಣ್ಣ ಬಳಿಯಬೇಕು? ಬಳಿಯುವವರಾದರೂ ಯಾರು? ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಬೈಪಾಸ್ ಆದ ಪ್ರತಿ ಊರಿನ ಹಣೆಬರಹ ಇದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಹೊಸ ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ಮಂಡ್ಯ ಜಿಲ್ಲೆಯಲ್ಲಿ. ಸುಮಾರು 118 ಕಿಲೋಮೀಟರ್, ಖರ್ಚು ಸುಮಾರು 8,480 ಕೋಟಿ ರೂಪಾಯಿ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಹೀಗೆ ಐದು ಕಡೆ ಬೈಪಾಸ್. ರಾಮನಗರ, ಚನ್ನಪಟ್ಟಣ ಎರಡನ್ನೂ ಒಂದೇ ಏಟಿಗೆ ದಾಟಿಸುವ ಬೈಪಾಸೇ 22 ಕಿಲೋಮೀಟರ್ ಇದೆ. ಮೂರು ತಾಸಿನ ದಾರಿ ಅರ್ಧಕ್ಕೆ ಇಳಿಯಿತು. ಇದನ್ನು ಬೇಡ ಅನ್ನುವವರು ಯಾರೂ ಇಲ್ಲ. ಆಂಬುಲೆನ್ಸಿನಲ್ಲಿ ಮಲಗಿ ಬೆಂಗಳೂರಿಗೆ ಹೋಗುವವರಂತೂ ಖಂಡಿತ ಅನ್ನುವುದಿಲ್ಲ.

ಆದರೆ ಆ 22 ಕಿಲೋಮೀಟರಿನಲ್ಲಿ ಕಾರಿನವರ ಕಣ್ಣಿಂದ ಏನೆಲ್ಲ ಜಾರಿತು ನೋಡಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ. ಆಮೇಲೆ ಸಾಲುಸಾಲು ಗೊಂಬೆ ಅಂಗಡಿಗಳು. ಅಂಗಡಿಯ ಮುಂದೆ ಈಗಲೂ ಮರದ ಆಡೋ ಕುದುರೆಗಳು ಸಾಲಾಗಿ ನಿಂತಿರುತ್ತವೆ, ಮುಖ ರಸ್ತೆಯ ಕಡೆ. ಮೊದಲು ಇಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಕಿತ್ತು. ಈಗ ಜಾಗ ಇದೆ, ಕಾರಿಲ್ಲ.

ಗೊಂಬೆ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ಯೋಚಿಸಿ. ಮೈಸೂರಿಗೆ ಹೊರಟ ಯಾರೂ ಗೊಂಬೆ ತರಬೇಕು ಅಂತ ಮನೆಯಲ್ಲಿ ಪಟ್ಟಿ ಬರೆದುಕೊಂಡು ಬರುತ್ತಿರಲಿಲ್ಲ. ಚನ್ನಪಟ್ಟಣದ ಟ್ರಾಫಿಕ್ಕಿನಲ್ಲಿ ಕಾರು ತೆವಳುತ್ತಿತ್ತು. ಹಿಂದಿನ ಸೀಟಿನ ಮಗುವಿಗೆ ಕೆಂಪು–ಹಳದಿ ರೈಲುಗಾಡಿ ಕಂಡಿತು. ಮಗು ಹಠ ಹಿಡಿಯಿತು, ಅಪ್ಪ ಕಾರು ಪಕ್ಕಕ್ಕೆ ಹಾಕಿದ. ಇಷ್ಟೇ. ಜನ ಬೈದುಕೊಳ್ಳುತ್ತಿದ್ದ ಆ ಟ್ರಾಫಿಕ್ಕೇ ಅಂಗಡಿಯವರಿಗೆ ಜಾಹೀರಾತು. ನೂರರ ಸ್ಪೀಡಿನಲ್ಲಿ ಹೋಗುವ ಕಾರಿನ ಮಗುವಿಗೆ ಕಾಣುವುದು ಕಾಂಕ್ರೀಟಿನ ತಡೆಗೋಡೆ ಮಾತ್ರ.

ಇನ್ನು ಅಮೆರಿಕದ ಕಡೆ ಹೋಗೋಣ. ಸುಮ್ನೆ ಹೋಲಿಕೆಗೆ ಅಂತ ಅಲ್ಲ. ಈ ತೊಂದರೆಗೆ ಹೆಸರಿಟ್ಟು, ನಂಬರು ಕೊಟ್ಟು, ಬೋರ್ಡು ನೆಟ್ಟವರು ಅವರು.

ಅಲ್ಲಿ 1926ರಲ್ಲಿ ಹೆದ್ದಾರಿಗಳಿಗೆ ದೇಶಕ್ಕೆಲ್ಲ ಒಂದೇ ನಂಬರ್ ಪದ್ಧತಿ ಬಂತು. ಆ ಹೆದ್ದಾರಿಗಳು ಸಣ್ಣ ಸಣ್ಣ ಊರುಗಳ ಪೇಟೆಬೀದಿಯ ಮೂಲಕವೇ ಹಾಯುತ್ತಿದ್ದವು. ವಾಹನ ಜಾಸ್ತಿಯಾದಂತೆ ಊರ ಹೊರಗೆ ಬೈಪಾಸ್ ಬಂದವು. 1956ರಲ್ಲಿ ‘ಇಂಟರ್‌ಸ್ಟೇಟ್’, ಅಂದರೆ ರಾಜ್ಯ ರಾಜ್ಯಗಳನ್ನು ಜೋಡಿಸುವ ವೇಗದ ಹೆದ್ದಾರಿಗಳ ಕಾನೂನು ಆದ ಮೇಲಂತೂ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. (ನಮ್ಮ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯೂ 1956ರದ್ದೇ.) ಆಗ ಪೇಟೆಯವರು ಗಲಾಟೆ ಮಾಡಿದರು: ನಂಬರು ಹೊರಗೆ ಹೋದರೆ ನಮ್ಮನ್ನು ಕೇಳೋರು ಯಾರು? ಅದಕ್ಕೆ ಸಿಕ್ಕ ಉಪಾಯವೇ ‘ಬಿಸಿನೆಸ್ ರೂಟ್’. ಹೊಸ ರಸ್ತೆಗೆ ಅಸಲಿ ನಂಬರು. ಊರೊಳಗಿನ ಹಳೆ ರಸ್ತೆಗೂ ಅದೇ ನಂಬರು, ತಲೆಯ ಮೇಲೆ ‘ಬಿಸಿನೆಸ್’ ಅನ್ನುವ ಪಟ್ಟಿ. ಇಂಟರ್‌ಸ್ಟೇಟ್ ಆದರೆ ಬೋರ್ಡಿನ ಬಣ್ಣವೇ ಬೇರೆ. ಮುಖ್ಯ ಹೆದ್ದಾರಿಯದ್ದು ಕೆಂಪು–ನೀಲಿ, ಬಿಸಿನೆಸ್ ದಾರಿಯದ್ದು ಹಸಿರು. ಒಂದು ಕಡೆ ಹೆದ್ದಾರಿ ಬಿಟ್ಟು, ಪೇಟೆ ಹಾದು, ಇನ್ನೊಂದು ಕಡೆ ಮತ್ತೆ ಹೆದ್ದಾರಿ ಸೇರಿದರೆ ಅದು ‘ಲೂಪ್’. ಒಳಗೆ ಹೋಗಿ ಅಲ್ಲೇ ಮುಗಿದರೆ ‘ಸ್ಪರ್’.

ಇದರ ಜಾಣತನ ಏನು ಅಂದರೆ, ಚಾಲಕನಿಗೆ ಒಂದು ಭರವಸೆ ಸಿಗುತ್ತದೆ. ಹಸಿರು ಬೋರ್ಡು ಹಿಡಿದು ಒಳಗೆ ಹೋದರೆ ಊಟ, ಪೆಟ್ರೋಲು, ರೂಮು ಸಿಗುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕಿಲ್ಲ, ದಾರಿ ತಪ್ಪುವುದೂ ಇಲ್ಲ. ಊರಿಗೆ ಹೊಸಬನಾದವನಿಗೆ ಇದಕ್ಕಿಂತ ಒಳ್ಳೆ ಕರೆಯೋಲೆ ಬೇಕಾ?

ಆದರೆ ಬೋರ್ಡೊಂದೇ ಊರನ್ನು ಉಳಿಸಲಿಲ್ಲ. ರೂಟ್ 66 ಹೆಸರು ಕೇಳಿಯೇ ಇರುತ್ತೀರಿ. ಶಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ ಹೋಗುತ್ತಿದ್ದ ಹೆದ್ದಾರಿ. ಅದರ ಮೇಲಿದ್ದ ಊರುಗಳು ಒಂದೊಂದಾಗಿ ಬೈಪಾಸ್ ಆಗುತ್ತಾ ಬಂದವು. ಕೊನೆಯದಾಗಿ ಉಳಿದದ್ದು ಅರಿಜೋನಾದ ವಿಲಿಯಮ್ಸ್ ಅನ್ನುವ ಪುಟ್ಟ ಊರು. ಊರ ಕಡೆಯವರು ಕೋರ್ಟಿಗೆ ಹೋಗಿ ಬೈಪಾಸನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ್ದರು. ಕೊನೆಗೆ ರಾಜಿಯಾಯಿತು. ಷರತ್ತು ಏನು ಗೊತ್ತಾ? ದುಡ್ಡಿನ ಪರಿಹಾರ ಅಲ್ಲ. ಹೊಸ ಹೆದ್ದಾರಿಯಿಂದ ನಮ್ಮ ಊರಿಗೆ ಮೂರು ಎಕ್ಸಿಟ್ ಕೊಡಿ ಅಂತ. 1984ರ ಅಕ್ಟೋಬರ್ 13ರಂದು ಅಲ್ಲಿನ ಹೊಸ ರಸ್ತೆ ತೆರೆಯಿತು. ಮರುವರ್ಷ ರೂಟ್ 66 ಅನ್ನುವ ನಂಬರೇ ಅಧಿಕೃತ ಪಟ್ಟಿಯಿಂದ ಹೋಯಿತು.

ವಿಲಿಯಮ್ಸ್ ಸಾಯಲಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋಗುವವರಿಗೆ ಅದು ಹೆಬ್ಬಾಗಿಲು. ನಿಂತುಹೋಗಿದ್ದ ಹಳೆ ರೈಲು 1989ರಲ್ಲಿ ಅಲ್ಲಿಂದಲೇ ಮತ್ತೆ ಓಡತೊಡಗಿತು. ಪಕ್ಕದ ಸೆಲಿಗ್ಮನ್ ಊರಿಗೆ ಆ ಅನುಕೂಲವೂ ಇರಲಿಲ್ಲ. ಅದು 1978ರಲ್ಲೇ ಬೈಪಾಸ್ ಆಗಿತ್ತು. ಅಲ್ಲಿನ ಕ್ಷೌರಿಕ ಏಂಜಲ್ ಡೆಲ್ಗಾಡಿಲ್ಲೊ ಮತ್ತು ಜೊತೆಗಾರರು 1987ರಲ್ಲಿ ಒಂದು ಸಂಘ ಕಟ್ಟಿ, ಹಳೆ ರಸ್ತೆಗೆ ‘ಚಾರಿತ್ರಿಕ ರೂಟ್ 66’ ಅಂತ ಹೆಸರು ಕೊಡಿ ಅಂತ ರಾಜ್ಯ ಸರ್ಕಾರದ ಬೆನ್ನುಬಿದ್ದರು. ಅರಿಜೋನಾ ಸರ್ಕಾರ ಒಪ್ಪಿತು. ಇವತ್ತು ಪ್ರಪಂಚದ ನಾನಾ ಕಡೆಯಿಂದ ಜನ ಆ ಹಳೆ ರಸ್ತೆಯಲ್ಲೇ ಹೋಗಬೇಕು ಅಂತ ಬರುತ್ತಾರೆ. ಬೈಪಾಸ್ ಆದ ರಸ್ತೆಯೇ ಅವರ ಬಂಡವಾಳವಾಯಿತು.

ಇದಕ್ಕೆ ಉಲ್ಟಾ ಕಥೆಯೂ ಇದೆ, ನನಗೆ ಅದೇ ಹೆಚ್ಚು ಕುತೂಹಲ. ಮಿಶಿಗನ್ ರಾಜ್ಯದ ಕಲಮಜೂ ಅನ್ನುವ ಊರು, ಜನಸಂಖ್ಯೆ ಮುಕ್ಕಾಲು ಲಕ್ಷದ ಆಸುಪಾಸು. ಇಂಟರ್‌ಸ್ಟೇಟ್ 94 ಊರ ಹೊರಗೆ ಹೋಗುತ್ತದೆ. ಒಳಗೆ ಅದರ ಬಿಸಿನೆಸ್ ಲೂಪ್ ಇತ್ತು. ಬಿಸಿನೆಸ್ ದಾರಿ ಆಗಿದ್ದರಿಂದ ಅದು ರಾಜ್ಯದ ಸಾರಿಗೆ ಇಲಾಖೆಯ ಕೈಯಲ್ಲಿತ್ತು. ಇಲಾಖೆಯ ಲೆಕ್ಕ ಒಂದೇ: ವಾಹನ ನಿಲ್ಲದೆ ಸಾಗಬೇಕು. ಹಾಗಾಗಿ ಪೇಟೆ ಮಧ್ಯೆ ನಾಲ್ಕೈದು ಸಾಲಿನ ಒನ್‌ವೇ ರಸ್ತೆಗಳು. ಕಾರುಗಳು ಬರ್ರನೆ ಹೋಗುತ್ತಿದ್ದವು, ಅಂಗಡಿ ಮುಂದೆ ನಿಲ್ಲುತ್ತಿರಲಿಲ್ಲ, ಜನ ರಸ್ತೆ ದಾಟಲು ಹೆದರುತ್ತಿದ್ದರು. ಹೆಸರಿಗೆ ಬಿಸಿನೆಸ್ ದಾರಿ, ಬಿಸಿನೆಸ್‌ಗೇ ಅಡ್ಡಿ. 2019ರಲ್ಲಿ ನಗರಾಡಳಿತ ಇಂಥ ಹಲವು ರಸ್ತೆಗಳನ್ನು ರಾಜ್ಯದಿಂದ ತನ್ನ ಕೈಗೆ ತೆಗೆದುಕೊಂಡಿತು. ನಂಬರು ಹೋದರೆ ಹೋಗಲಿ, ರಸ್ತೆ ನಮ್ಮದಾಗಲಿ, ವೇಗ ಕಡಿಮೆಯಾಗಲಿ, ಎರಡೂ ಕಡೆಯಿಂದ ವಾಹನ ಓಡಾಡಲಿ ಅನ್ನುವುದು ಅವರ ವಾದ. ವಿಲಿಯಮ್ಸ್‌ನವರು ಹೆದ್ದಾರಿ ಉಳಿಸಿಕೊಳ್ಳಲು ಕೋರ್ಟಿಗೆ ಹೋದರು. ಕಲಮಜೂದವರು ಹೆದ್ದಾರಿಯ ಕಾಟ ಕಳೆದುಕೊಳ್ಳಲು ಇಲಾಖೆಯ ಬಾಗಿಲು ತಟ್ಟಿದರು.

ಎರಡೂ ಊರುಗಳು ಕೇಳಿದ್ದು ಬೇರೆ ಬೇರೆ ಅನ್ನಿಸಿದರೂ ಒಳಗಿನ ಮಾತು ಒಂದೇ. ವಾಹನ ಹಾಯುವುದು ಬೇರೆ, ವ್ಯಾಪಾರ ಆಗುವುದು ಬೇರೆ. ಹಾಯುವ ವಾಹನದಲ್ಲಿ ಎಷ್ಟು ನಿಲ್ಲುತ್ತವೆ, ಎಲ್ಲಿ ನಿಲ್ಲುತ್ತವೆ ಅನ್ನುವುದನ್ನು ತೀರ್ಮಾನ ಮಾಡುವ ಅಧಿಕಾರ ಊರಿಗೆ ಬೇಕು.

ವಿಸ್ಕಾನ್ಸಿನ್, ಟೆಕ್ಸಾಸ್ ರಾಜ್ಯಗಳಲ್ಲಿ ಬೈಪಾಸ್ ಆದ ಊರುಗಳ ಬಗ್ಗೆ ಅಧ್ಯಯನಗಳು ನಡೆದಿವೆ. ಅಲ್ಲಿ ಕಂಡದ್ದು ಸ್ಥೂಲವಾಗಿ ಹೀಗೆ: ಏಟು ಬೀಳುವುದು ಪೆಟ್ರೋಲ್ ಬಂಕ್, ಹೋಟೆಲ್, ಲಾಡ್ಜಿನಂಥ ದಾರಿಹೋಕರ ವ್ಯಾಪಾರಕ್ಕೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಬ್ಯಾಂಕು ಇವಕ್ಕೆ ಅಷ್ಟಾಗಿ ಬೀಳುವುದಿಲ್ಲ, ಕೆಲವೊಮ್ಮೆ ಲಾಭವೇ ಆಗುತ್ತದೆ. ಲಾರಿ ಕಾಟ ತಪ್ಪಿದ ಮೇಲೆ ಸುತ್ತಲಿನ ಹಳ್ಳಿಯವರು ನೆಮ್ಮದಿಯಾಗಿ ಪೇಟೆಗೆ ಬರುತ್ತಾರೆ. ಊರು ಚಿಕ್ಕದಾದಷ್ಟೂ ಏಟು ಜೋರು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮ ಕಡೆಯೂ ಕಣ್ಣಾರೆ ಕಾಣುವ ಸಂಗತಿ.

ಇದನ್ನು ನಮ್ಮ ತಿಂಡಿಗಳ ಮೂಲಕ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮದ್ದೂರು ವಡೆ ಹುಟ್ಟಿದ್ದು ರಸ್ತೆಯಲ್ಲಿ ಅಲ್ಲ, ರೈಲು ನಿಲ್ದಾಣದಲ್ಲಿ. 1917ರ ಹೊತ್ತಿಗೆ ರಾಮಚಂದ್ರ ಬುಧ್ಯ ಅನ್ನುವವರು ಮದ್ದೂರು ಸ್ಟೇಷನ್ನಿನಲ್ಲಿ ಮಾರಲು ಶುರುಮಾಡಿದರು ಅನ್ನುವುದು ಎಲ್ಲರೂ ಹೇಳುವ ಕಥೆ. ಮುಂದೆ ಕಾರು, ಬಸ್ಸಿನ ಕಾಲ ಬಂದಾಗ ವಡೆ ರೈಲಿನಿಂದ ಇಳಿದು ರಸ್ತೆಗೆ ಬಂತು. ಈಗ ರಸ್ತೆ ಸರಿದರೆ ವಡೆಯೂ ಸರಿಯುತ್ತದೆ. ಒಂದು ಬಾಣಲೆ, ಒಂದು ಒಲೆ, ಕೈಹದ ಗೊತ್ತಿರುವ ಒಬ್ಬರು ಇದ್ದರೆ ಸಾಕು. ಬಿಡದಿ ತಟ್ಟೆ ಇಡ್ಲಿಯೂ ಅಷ್ಟೇ. ದಾವಣಗೆರೆ ಬೆಣ್ಣೆ ದೋಸೆಯಂತೂ ಇನ್ನೂ ಮುಂದೆ ಹೋಗಿದೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಆ ಬೋರ್ಡು ಇದೆ, ದಾವಣಗೆರೆಗೇ ಹೋಗಬೇಕಿಲ್ಲ. ಅದು ಊರಿಗೆ ಲಾಭವೋ ನಷ್ಟವೋ, ದಾವಣಗೆರೆಯವರನ್ನೇ ಕೇಳಬೇಕು.

ಗೊಂಬೆಗೆ ಈ ಸೌಕರ್ಯ ಇಲ್ಲ. ಅದರ ಹಿಂದೆ ಆಲೆ ಮರ ಇದೆ, ಮರ ಒಣಗಿಸಲು ಜಾಗ ಬೇಕು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯಬೇಕು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಆ ಹೊಳಪು. ಇದೆಲ್ಲ ಬೀದಿಬೀದಿಯ ಮನೆಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ನಡೆಯುವ ಕೆಲಸ. ಅಂಗಡಿಯನ್ನು ಎತ್ತಿ ಹೆದ್ದಾರಿ ಪಕ್ಕ ಇಡಬಹುದು, ಊರನ್ನು ಇಡಲಾಗುವುದಿಲ್ಲ. ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿರುವುದು ಚನ್ನಪಟ್ಟಣದ ಹೆಸರಿಗೆ. ಆ ಹೆಸರಿನ ಊರಿಗೆ ಎಲ್ಲಿ ತಿರುಗಬೇಕು ಅನ್ನುವುದೇ ಕಾರಿನವರಿಗೆ ಗೊತ್ತಾಗದಿದ್ದರೆ ಮುದ್ರೆ ಇಟ್ಟುಕೊಂಡು ಏನು ಮಾಡುವುದು? ಹೆದ್ದಾರಿ ತೆರೆದ ಮೇಲೆ ಈ ಭಾಗದ ಜನ ಎತ್ತಿದ ದೊಡ್ಡ ತಕರಾರೂ ಇದೇ ಆಗಿತ್ತು: ಹತ್ತಿ ಇಳಿಯುವ ದಾರಿ ಕೊಡಿ. ಅರಿಜೋನಾದವರು ರಸ್ತೆ ಆಗುವ ಮೊದಲೇ ಬರೆಸಿಕೊಂಡ ಷರತ್ತನ್ನು ನಾವು ರಸ್ತೆ ಆದ ಮೇಲೆ ಕೇಳಿದೆವು.

ಎಕ್ಸಿಟ್ ಕಡಿಮೆ ಇಡುವುದಕ್ಕೆ ಕಾರಣ ಇಲ್ಲ ಅಂತಲ್ಲ. ವೇಗದ ರಸ್ತೆಗೆ ನಡುನಡುವೆ ವಾಹನ ನುಗ್ಗಿದರೆ ಅಪಘಾತ ಜಾಸ್ತಿ. ಮೊದಲ ವರ್ಷ ಈ ಹೆದ್ದಾರಿಯಲ್ಲಿ ಎಷ್ಟು ಸಾವಾಯಿತು ಅನ್ನುವುದನ್ನು ಯಾರೂ ಮರೆತಿಲ್ಲ, ಬೈಕುಗಳನ್ನು ಹೊರಗಿಟ್ಟಿದ್ದೂ ಅದಕ್ಕೇ. ಆದರೆ ತಡೆಗೋಡೆಯಲ್ಲಿ ಎಲ್ಲೆಂದರಲ್ಲಿ ಸಂದು ಬಿಡುವುದು ಬೇರೆ. ಸರಿಯಾದ ಇಳಿಜಾರು ಕಟ್ಟಿ, ಎರಡು ಕಿಲೋಮೀಟರ್ ಮುಂಚೆಯೇ ಬೋರ್ಡು ಹಾಕಿ, ಹಳೆ ರಸ್ತೆಯ ಇನ್ನೊಂದು ತುದಿಯಲ್ಲಿ ಮತ್ತೆ ಹತ್ತಿಸುವುದು ಬೇರೆ. ಎರಡನೆಯದೇ ಲೂಪ್.

ನಮ್ಮಲ್ಲಿ ರಸ್ತೆಯ ಹೆಸರಿಗೆ ಬೆಲೆ ಇಲ್ಲ ಅಂದುಕೊಂಡರೆ ತಪ್ಪು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಕೂಡದು. ಆಗ ದೇಶದ ಎಲ್ಲ ಕಡೆ ಎಂಥ ಓಡಾಟ ಶುರುವಾಯಿತು ನೆನಪಿದೆಯಾ? ಊರೊಳಗೆ ಹಾಯುವ ಹೆದ್ದಾರಿಗಳನ್ನು ‘ಹೆದ್ದಾರಿ ಅಲ್ಲ’ ಅಂತ ಘೋಷಿಸುವ ಓಡಾಟ. ಕರ್ನಾಟಕವೂ ಕೇಂದ್ರಕ್ಕೆ ಮನವಿ ಕೊಟ್ಟಿತು. 2017ರ ಜುಲೈ 1ರಂದು ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಪಬ್ಬುಗಳಿಗೇ ಬೀಗ ಬಿತ್ತು. ಅದೇ ತಿಂಗಳು, ನಗರದ ಒಳಗಿನ ಹೆದ್ದಾರಿಯ ದರ್ಜೆ ತೆಗೆದರೆ ತಪ್ಪಿಲ್ಲ ಅಂತ ಕೋರ್ಟ್ ಸ್ಪಷ್ಟಪಡಿಸಿತು. ಹತ್ತಾರು ವರ್ಷ ಊರೊಳಗಿನ ಹಳೆ ಹೆದ್ದಾರಿ ಯಾರದ್ದು ಅಂತ ತಲೆಕೆಡಿಸಿಕೊಳ್ಳದವರು ಬಾರಿಗೋಸ್ಕರ ರಾತ್ರೋರಾತ್ರಿ ಕಡತ ತೆಗೆದರು. ಇಚ್ಛೆ ಇದ್ದರೆ ಕೆಲಸ ಎಷ್ಟು ಬೇಗ ಆಗುತ್ತದೆ ಅಲ್ವಾ!

ಕಾಗದದ ಮೇಲೆ ಕ್ರಮ ಸರಳವಾಗಿದೆ. ಬೈಪಾಸ್ ಮುಗಿದ ಮೇಲೆ ಊರೊಳಗಿನ ಹಳೆ ತುಂಡನ್ನು ಒಂದು ಸಲ ಚೆನ್ನಾಗಿ ರಿಪೇರಿ ಮಾಡಿಸಿ ರಾಜ್ಯಕ್ಕೆ ಒಪ್ಪಿಸಬೇಕು. ರಾಜ್ಯದ ಲೋಕೋಪಯೋಗಿ ಇಲಾಖೆ ಅದನ್ನು ಇಟ್ಟುಕೊಳ್ಳಬಹುದು, ಇಲ್ಲವೇ ನಗರಸಭೆಗೆ ಕೊಡಬಹುದು. ಎಡವಟ್ಟಾಗುವುದು ಈ ಕೈಬದಲಿನ ಹೊತ್ತಿನಲ್ಲಿ. ಹೆದ್ದಾರಿಯವರು ಕೊಟ್ಟಾಯಿತು ಅನ್ನುತ್ತಾರೆ. ಇಲಾಖೆಯವರು ಇನ್ನೂ ಬಂದಿಲ್ಲ ಅನ್ನುತ್ತಾರೆ. ನಗರಸಭೆಯವರು ಅದು ಹೈವೇ, ನಮಗೆ ಬರಲ್ಲ ಅನ್ನುತ್ತಾರೆ. ಬೀದಿದೀಪ ಕೆಟ್ಟರೆ, ಚರಂಡಿ ಉಕ್ಕಿದರೆ, ಡಿವೈಡರ್ ಒಡೆದರೆ ಅರ್ಜಿ ಎಲ್ಲಿ ಕೊಡಬೇಕು ಅನ್ನುವುದೇ ಒಂದು ಸಂಶೋಧನೆ. ಹೊಸ ರಸ್ತೆಗೆ ಟೋಲ್ ಹಣ ಇದೆ, ನೋಡಿಕೊಳ್ಳುವವರಿದ್ದಾರೆ. ಹಳೆ ರಸ್ತೆಗೆ ಟೋಲೂ ಇಲ್ಲ, ಒಡೆಯನೂ ಇಲ್ಲ. ನಗರಸಭೆಯ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ನಾಲ್ಕು ಸಾಲಿನ ಹೆದ್ದಾರಿಗೆ ಡಾಂಬರು ಹಾಕಿಸುವಷ್ಟು ಅದರಲ್ಲಿ ಎಲ್ಲಿಂದ ಬರಬೇಕು?

ಉತ್ತರ ಕರ್ನಾಟಕ, ಮಧ್ಯ ಕರ್ನಾಟಕದವರಿಗೆ ಇದು ಹಳೆಯ ಕಥೆ. ಅವರಿಗೆ ಪಿ.ಬಿ. ರೋಡ್ ಗೊತ್ತು. ಪೂನಾ–ಬೆಂಗಳೂರು ರಸ್ತೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ ಅಂತ ಊರೂರು ಪೋಣಿಸಿದ ದಾರ. ಅದು ರಾಷ್ಟ್ರೀಯ ಹೆದ್ದಾರಿ 4 ಆಯಿತು, ನಂಬರ್ ಪದ್ಧತಿ ಬದಲಾದ ಮೇಲೆ 48 ಆಯಿತು, ಊರುಗಳ ಹೊರಗೆ ಹೋಯಿತು. ಜನರ ಬಾಯಲ್ಲಿ ಮಾತ್ರ ಪೇಟೆ ನಡುವಿನ ಆ ರಸ್ತೆ ಇವತ್ತಿಗೂ ‘ಹಳೆ ಪಿ.ಬಿ. ರೋಡ್’. ಅಂಗಡಿಗಳ ಬೋರ್ಡಿನಲ್ಲಿ, ಮದುವೆ ಕರೆಯೋಲೆಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಅದೇ ವಿಳಾಸ. ಬಿಸಿನೆಸ್ ರೂಟ್ ಅನ್ನುವ ಸರ್ಕಾರಿ ಬೋರ್ಡು ನಮ್ಮಲ್ಲಿಲ್ಲ. ಆ ಕೆಲಸವನ್ನು ಜನರ ನಾಲಿಗೆಯೇ ಮಾಡಿದೆ.

ದಾವಣಗೆರೆಯಲ್ಲಿ ಹೆದ್ದಾರಿ ಹೊರಗೆ ಹೋಯಿತು ಅಂತ ಪೇಟೆ ಸೊರಗಲಿಲ್ಲ. ಅಲ್ಲಿನ ವ್ಯಾಪಾರ ದಾರಿಹೋಕರನ್ನು ನಂಬಿದ್ದಲ್ಲ. ಸುತ್ತಲಿನ ತಾಲ್ಲೂಕುಗಳಿಂದ ಬಟ್ಟೆಗೆ, ಬಂಗಾರಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಜನ ಬರುತ್ತಾರೆ. ಚನ್ನಪಟ್ಟಣಕ್ಕೂ ದಾವಣಗೆರೆಗೂ ಇರುವ ವ್ಯತ್ಯಾಸ ಇದು. ಒಂದು ದಾರಿಯ ಊರು, ಇನ್ನೊಂದು ಗುರಿಯ ಊರು. ಒಂದೇ ಬೈಪಾಸ್ ಮದ್ದು ಇಬ್ಬರಿಗೂ ಒಗ್ಗುವುದಿಲ್ಲ. ಯೋಜನೆ ಮಾಡುವಾಗ ದಿನಕ್ಕೆ ಎಷ್ಟು ವಾಹನ ಹಾಯುತ್ತವೆ ಅಂತ ಎಣಿಸುತ್ತಾರೆ. ಅವುಗಳಲ್ಲಿ ಎಷ್ಟು ಊರಿಗೇ ಬಂದವು, ಎಷ್ಟು ದಾರಿಯಲ್ಲಿ ನಿಂತವು, ಯಾವ ಅಂಗಡಿ ಮುಂದೆ ನಿಂತವು ಅನ್ನುವುದನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಬೇಕು. ಎಣಿಸಿದರೆ ಎಕ್ಸಿಟ್ ಎಲ್ಲಿರಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಹುಬ್ಬಳ್ಳಿ–ಧಾರವಾಡದಲ್ಲಿ ಇನ್ನೊಂದು ಪ್ರಯೋಗ ಆಯಿತು. ಅವಳಿ ನಗರದ ನಡುವಿನ ಹಳೆ ಪಿ.ಬಿ. ರೋಡಿನಲ್ಲೇ ಬಸ್ಸಿಗೆ ಬೇರೆ ಪಥ ಮಾಡಿ, ಸುಮಾರು 22 ಕಿಲೋಮೀಟರ್ ‘ಚಿಗರಿ’ ಅನ್ನುವ ಹೆಸರಿನ ಬಸ್ಸು ಓಡಿಸಿದರು. 2018ರಲ್ಲಿ ಓಡಾಟ ಶುರು, 2020ರಲ್ಲಿ ವಿಧಿವತ್ ಉದ್ಘಾಟನೆ. ಅದರ ಬಗ್ಗೆ ಊರಲ್ಲಿ ಎರಡು ಮಾತಿದೆ. ಬಸ್ಸು ಬೇಗ ಮುಟ್ಟಿಸುತ್ತದೆ ಅನ್ನುವವರೂ ಇದ್ದಾರೆ, ಉಳಿದ ವಾಹನಕ್ಕೆ ಜಾಗ ಸಾಲದು, ಪಥ ತೆಗೆದುಹಾಕಿ ಅನ್ನುವವರೂ ಇದ್ದಾರೆ. ನಾನು ಯಾವ ಕಡೆಯೂ ಇಲ್ಲ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಹಳೆ ಹೆದ್ದಾರಿಯನ್ನು ಏನು ಮಾಡಬೇಕು ಅಂತ ಅಲ್ಲಿ ಯಾರೋ ಒಬ್ಬರು ಕೂತು ಯೋಚಿಸಿದರು. ತಪ್ಪಾಗಿದ್ದರೆ ಬಯ್ಯಲು ಒಂದು ವಿಳಾಸ ಇದೆ.

ರಾಮನಗರದಿಂದ ಶ್ರೀರಂಗಪಟ್ಟಣದ ತನಕ ಸಾಲಾಗಿ ಇರುವ ಊರುಗಳಿಗೆ ಈಗ ಬೇಕಾದದ್ದು ಆ ವಿಳಾಸ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಕೊಟ್ಟರು. ಜಿಲ್ಲೆಯ ಹೆಸರು ಬದಲಿಸಲು ಸಂಪುಟ ಸಭೆ ಸೇರುತ್ತದೆ. ಒಳಗಿನ ಹಳೆ ರಸ್ತೆಗೆ ಒಂದು ಹೆಸರು, ಒಬ್ಬ ಒಡೆಯ, ವರ್ಷಕ್ಕಿಷ್ಟು ಅಂತ ದುಡ್ಡು ಕೊಡಲು ಅಷ್ಟು ದೊಡ್ಡ ಸಭೆಯೂ ಬೇಡ. ನಾಲ್ಕು ಸಾಲು ಈಗ ಈ ಊರುಗಳಿಗೆ ಜಾಸ್ತಿಯೇ ಆಯಿತು. ಎರಡು ಸಾಲು ವಾಹನಕ್ಕೆ ಬಿಟ್ಟು, ಉಳಿದದ್ದರಲ್ಲಿ ಅಗಲವಾದ ಫುಟ್‌ಪಾತ್, ಮರ, ಕಾರು ನಿಲ್ಲಿಸುವ ಜಾಗ ಮಾಡಿದರೆ ಗೊಂಬೆ ಅಂಗಡಿ ಮುಂದೆ ಮಗು ಇಳಿದು ಓಡಾಡಬಹುದು. ಮೊದಲು ಅದೇ ಜಾಗದಲ್ಲಿ ಮಗುವಿನ ಕೈ ಬಿಡಲು ಹೆದರಿಕೆಯಾಗುತ್ತಿತ್ತು.

ನಾನು ಟೀ ಮುಗಿಸುವಷ್ಟರಲ್ಲಿ ಎದುರಿನ ಶಾಲೆ ಬಿಟ್ಟಿತು. ಮಕ್ಕಳು ಮೂರು ಮೂರು ಸೈಕಲ್ ಜೋಡಿಸಿಕೊಂಡು ಹಳೆ ಹೆದ್ದಾರಿಯ ನಡುಮಧ್ಯೆ ಮಾತಾಡುತ್ತಾ ಹೋದರು. ಹಿಂದೆ ಬಂದ ಸಾರಿಗೆ ಬಸ್ಸು ಹಾರ್ನ್ ಹೊಡೆದು ನಿಧಾನ ಮಾಡಿತು. ಟೀ ಅಂಗಡಿಯಾಕೆ ಕಿಲೋಮೀಟರ್ ಕಲ್ಲಿನ ಮೇಲೆ ಒಣಗಲು ಹಾಕಿದ್ದ ಬಟ್ಟೆ ತೆಗೆದುಕೊಂಡು ಒಳಗೆ ಹೋದರು.